ಯಾರು ಯಾವುದರಲ್ಲಿ ಕರಗುತ್ತಾರೆ

ಪುತ್ತಿಗೆ ಎಂದರೆ ಸಾಲದು, ಯಾವ ಪುತ್ತಿಗೆ ಎಂದೂ ಹೇಳಬೇಕು. ಹಿರಿಯಡಕದ ಹತ್ತಿರ ಸ್ವರ್ಣಾ ನದಿಯ ದಡದಲ್ಲಿದ್ದು, ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಪುತ್ತಿಗೆ ಒಂದು. ಮೂಡುಬಿದಿರೆಯ ಮಗ್ಗುಲಲ್ಲಿರುವ, ಚೌಟರ ಸೀಮೆಯ ಪುತ್ತಿಗೆ ಇನ್ನೊಂದು. ಕುಂಬಳೆಯಿಂದ ಬದಿಯಡ್ಕದ ದಾರಿಯಲ್ಲಿ ಬಂದು ಸೀತಾಂಗೋಳಿಯಲ್ಲಿ ಬಸ್ಸಿಳಿದು ವಿಚಾರಿಸಿದರೆ ಸಿಗುವ ನಮ್ಮದು ಮೂರನೆಯದು. ಮಂಗಳೂರಿನಲ್ಲಿ ಯಾರಾದರೂ ಊರು ಕೇಳಿ, ನಾನು ಹೆಸರು ಹೇಳಿ, ಅವರು ಭಕ್ತಿಯಿಂದ ಕೈ ಮುಗಿದರೆ ಮೊದಲನೆಯದೆಂದು ತಿಳಿದರು ಅಂತ ಲೆಕ್ಕ. ಮಗನಿಗೆ ಮೂಡುಬಿದಿರೆಯ ಕಾಲೇಜಿನಲ್ಲಿ ಸೀಟು ಸಿಗಬಹುದೇ ಎಂದು ಕೇಳಿದರೆ ಎರಡನೆಯದು. "ಅಲ್ಲಿ ಮಲಯಾಳವೋ?" ಎಂದು ಮುಖ ಸಣ್ಣದು ಮಾಡಿದರೆ ಸರಿಯಾದ ವಿಳಾಸಕ್ಕೇ ತಲುಪಿದ್ದಾರೆ.

ನಮ್ಮ ಮಾವ, ಅಂದರೆ ಗಂಡನ ಅಪ್ಪ, ಹುಟ್ಟಿದ್ದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಕೇರಳದವರಾದರು. ಆಮೇಲೆ ಕಣ್ಣೂರು ಜಿಲ್ಲೆಯವರಾದರು. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಯವರು. ನಡುವೆ 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗವೆಲ್ಲ ಕರ್ನಾಟಕಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ಆ ಲೆಕ್ಕದಲ್ಲಿ ಅವರು ಕಾಗದದ ಮೇಲೆ ಕರ್ನಾಟಕಕ್ಕೂ ಒಮ್ಮೆ ಹೋಗಿ ಬಂದಿದ್ದಾರೆ. ಇಷ್ಟೂ ಪ್ರಯಾಣ ಜಗಲಿಯ ಒಂದೇ ಕುರ್ಚಿಯಲ್ಲಿ ಕೂತು ಆದದ್ದು. ಹಾಗಾಗಿ ವರ್ಗೀಕರಣ ಎಂಬ ಮಾತು ಬಂದರೆ ನಮ್ಮ ಮನೆಯಲ್ಲಿ ಯಾರೂ ಥಟ್ಟನೆ ನಂಬುವುದಿಲ್ಲ. ಯಾರು ಮಾಡಿದ್ದು, ಯಾವಾಗ, ಎಷ್ಟು ವರ್ಷದ ಮಟ್ಟಿಗೆ ಎಂದು ವಿಚಾರಿಸುತ್ತೇವೆ.

ಅಂಥ ಮನೆಯ ಸೊಸೆ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತ ಸರಳ ಪ್ರೋಟೀನುಗಳ ವರ್ಗೀಕರಣವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಳು. ಆಲ್ಬುಮಿನ್, ಗ್ಲಾಬ್ಯುಲಿನ್, ಗ್ಲುಟೆಲಿನ್, ಪ್ರೊಲಮಿನ್, ಹಿಸ್ಟೋನ್, ಪ್ರೊಟಮಿನ್, ಸ್ಕ್ಲೀರೋಪ್ರೋಟೀನ್. ಮಕ್ಕಳು ಇದನ್ನು ಪಂಚಾಂಗದ ತಿಥಿಗಳಂತೆ ರಾಗವಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಗೇಟು ದಾಟುವಷ್ಟರಲ್ಲಿ ಮರೆಯುತ್ತಿದ್ದರು. ಮರೆಯುವುದರಲ್ಲಿ ತಪ್ಪೇನಿಲ್ಲ. ಏಳು ಹೆಸರು ಒಂದರ ಕೆಳಗೊಂದು ಬರೆದುಕೊಟ್ಟು, ಇದು ಯಾಕೆ ಹೀಗೆ ಎಂದು ಹೇಳದಿದ್ದರೆ ಯಾರಿಗಾದರೂ ಮರೆಯದೆ ಮತ್ತೇನು?

ಈ ಪಟ್ಟಿಯ ಹಿಂದಿರುವ ಮುಖ್ಯ ವ್ಯಕ್ತಿ ಥಾಮಸ್ ಬರ್ ಓಸ್ಬೋರ್ನ್. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1886ರಿಂದ 1928ರ ತನಕ ಇದ್ದವರು. ಬೀಜಗಳೊಳಗಿನ ಪ್ರೋಟೀನನ್ನು ನೋಡು ಎಂದು ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು ಕೇಂದ್ರದ ನಿರ್ದೇಶಕ ಸ್ಯಾಮ್ಯುಯೆಲ್ ಜಾನ್ಸನ್. ಸಂಬಂಧದಲ್ಲಿ ಹೆಣ್ಣು ಕೊಟ್ಟ ಮಾವ. ಮಾವ ಹೇಳಿದ ಕೆಲಸವನ್ನು ನಲವತ್ತು ವರ್ಷ ಬಿಡದೆ ಮಾಡಿದ ಅಳಿಯ ನಮ್ಮ ಸೀಮೆಯಲ್ಲಂತೂ ಕಾಣಸಿಕ್ಕಿಲ್ಲ. ಗೋಧಿ, ಜೋಳ, ಅವರೆ, ಬಟಾಣಿ, ತೆಂಗು ಎಂದು ಸಿಕ್ಕಸಿಕ್ಕ ಬೀಜಗಳನ್ನೆಲ್ಲ ಪುಡಿಮಾಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: ನೀನು ಯಾವುದರಲ್ಲಿ ಕರಗುತ್ತಿ? ಬರೀ ನೀರಿನಲ್ಲಿ ಕರಗಿದ್ದು ಆಲ್ಬುಮಿನ್. ನೀರಿಗೆ ಜಗ್ಗದೆ ತೆಳು ಉಪ್ಪುನೀರಿಗೆ ಒಲಿದದ್ದು ಗ್ಲಾಬ್ಯುಲಿನ್. ಎಪ್ಪತ್ತು ಎಂಬತ್ತು ಪಾಲು ಆಲ್ಕೋಹಾಲ್ ಇರುವ ನೀರಿನಲ್ಲಿ ಕರಗಿದ್ದು ಪ್ರೊಲಮಿನ್. ಇವು ಯಾವುದಕ್ಕೂ ಬಗ್ಗದೆ, ತೆಳು ಆಮ್ಲವೋ ಕ್ಷಾರವೋ ತಾಗಿದ ಮೇಲೆ ಕರಗಿದ್ದು ಗ್ಲುಟೆಲಿನ್. ಒಳಗಿನ ರಚನೆ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯುವ ತನಕ ಕಾಯುತ್ತ ಕೂರುವ ಬದಲು, ಯಾರ ಜತೆ ಹೊಂದುತ್ತಾನೆ ನೋಡಿ ಮನುಷ್ಯನನ್ನು ಅಳೆದಂತೆ ಅಳೆದರು.

ಇದು ಪುತ್ತಿಗೆಯವರಿಗೆ ಬೇಗ ಅರ್ಥವಾಗುವ ವಿಧಾನ. ಏಳು ಭಾಷೆಯ ನಾಡು ಎಂದು ಭಾಷಣದಲ್ಲಿ ಹೇಳಿಸಿಕೊಳ್ಳುವ ಜಿಲ್ಲೆ ನಮ್ಮದು. ಸೀತಾಂಗೋಳಿಯ ಆಟೋ ಡ್ರೈವರು ಮುಂದಿನ ಸೀಟಿನವನೊಡನೆ ತುಳು, ಹಿಂದಿನವರೊಡನೆ ಮಲಯಾಳ, ಫೋನಿನಲ್ಲಿ ಬ್ಯಾರಿ, ನನ್ನೊಡನೆ ಕನ್ನಡ ಆಡುತ್ತ ಗುಂಡಿ ತಪ್ಪಿಸುತ್ತಾನೆ. ಇವನು ಆಲ್ಬುಮಿನ್. ನೀರಿದ್ದರೆ ಸಾಕು. ನಮ್ಮ ಮಾವ ಅಪ್ಪಟ ಗ್ಲಾಬ್ಯುಲಿನ್. ಪಂಚಾಯತು ಆಫೀಸಿನಲ್ಲಿ ಗಡ್ಡೆಕಟ್ಟಿ ಕೂತಿರುತ್ತಾರೆ, ಎದುರಿನವರು ಒಂದು ಚಿಟಿಕೆ ಹವ್ಯಕ ಉದುರಿಸಿ "ಭಾವ, ಎಂತ ಬಂದದು?" ಎಂದರೆ ಸಾಕು, ಮೂರು ತಲೆಮಾರಿನ ಅಡಿಕೆ ಧಾರಣೆ ಹೊರಬರುತ್ತದೆ. ಗ್ಲುಟೆಲಿನ್ ಜಾತಿಯವರೂ ಇದ್ದಾರೆ. ತೋಟದ ಗಡಿಯ ತಕರಾರು ಬಂದು ಹುಳಿಯೋ ಖಾರವೋ ತಾಗಿದ ಹೊರತು ಇವರಿಗೆ ಮಾತೇ ಹೊರಡುವುದಿಲ್ಲ. ಇನ್ನು ಪ್ರೊಲಮಿನ್‌ಗಳು ಯಾರೆಂದು ನಾನು ಹೇಳಬೇಕಾಗಿಲ್ಲ, ಸಂಜೆ ಏಳರ ಬಸ್ಸಿನಲ್ಲಿ ಬಂದವರಿಗೆಲ್ಲ ಗೊತ್ತು. ಆದರೆ ಒಂದು ಸೂಕ್ಷ್ಮವಿದೆ. ಪ್ರೊಲಮಿನ್ ಬರೀ ನೀರಿನಲ್ಲೂ ಕರಗದು, ನೀರು ಬೆರೆಸದ ಅಪ್ಪಟ ಆಲ್ಕೋಹಾಲಿನಲ್ಲೂ ಕರಗದು. ಹದ ತಿಳಿದವರಿಗೆ ಮಾತ್ರ ಒಲಿಯುವುದು.

ಗೋಧಿಯಲ್ಲಿ ಈ ಪ್ರೊಲಮಿನ್ ಮತ್ತು ಗ್ಲುಟೆಲಿನ್ ಎರಡೂ ಕೈಕೈ ಹಿಡಿದುಕೊಂಡಿರುತ್ತವೆ. ನೋಡಬೇಕಿದ್ದರೆ ಮೈಕ್ರೋಸ್ಕೋಪು ಬೇಡ, ಒಂದು ಹಿಡಿ ಮೈದಾ ಸಾಕು. ಗಟ್ಟಿ ಕಲಸಿ ಅರ್ಧ ಗಂಟೆ ಬಿಟ್ಟು, ಉಂಡೆಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಬೆರಳಲ್ಲಿ ಹಿಚುಕಬೇಕು. ಮೊದಲು ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಹಿಟ್ಟಿನ ಪಿಷ್ಟ. ನೀರು ಬದಲಿಸಿ ಮತ್ತೆ ಹಿಚುಕಿದರೆ ಉಂಡೆ ಒಂದು ಹಂತದಲ್ಲಿ ಪೂರ್ತಿ ಚಿಂದಿಯಾಗಿ, ಎಲ್ಲ ಹೋಯಿತು ಎನ್ನುವ ಹಾಗೆ ಕಾಣುತ್ತದೆ. ಬಿಡಬಾರದು. ಆ ಚಿಂದಿಗಳೇ ಒಂದಕ್ಕೊಂದು ಅಂಟಿಕೊಂಡು, ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದು ಹಳದಿಯ, ಎಳೆದರೆ ಬರುವ, ಬಿಟ್ಟರೆ ಹಿಂದಕ್ಕೆ ಸರಿಯುವ ಒಂದು ಮುದ್ದೆ ಉಳಿಯುತ್ತದೆ. ಇದೇ ಗ್ಲುಟೆನ್. ಎಳೆದಷ್ಟೂ ಬರುವ ಗುಣ ಗ್ಲಯಾಡಿನ್ ಎಂಬ ಪ್ರೊಲಮಿನ್‌ನದು. ಹಿಂದಕ್ಕೆ ಜಗ್ಗುವ ಹಟ ಗ್ಲುಟೆನಿನ್ ಎಂಬ ಗ್ಲುಟೆಲಿನ್‌ನದು. ಇಟಲಿಯ ಬೊಲೊನ್ಯಾದಲ್ಲಿ ಯಾಕೊಪೊ ಬೆಕ್ಕಾರಿ ಎಂಬ ವೈದ್ಯರು 1728ರಲ್ಲಿ ಹೀಗೆಯೇ ಹಿಟ್ಟು ತೊಳೆದು ಕಂಡದ್ದನ್ನು ವಿದ್ವಾಂಸರ ಸಭೆಗೆ ಹೇಳಿದರು. ಅದು ಅಚ್ಚಾಗಿದ್ದು 1745ರಲ್ಲಿ. ಗಿಡದಿಂದ ಬಂದ ವಸ್ತು ಪ್ರಾಣಿಯ ಮಾಂಸದಂತೆ ವರ್ತಿಸುತ್ತದಲ್ಲ ಎಂಬುದು ಅವರ ಬೆರಗು. ನಾನು ತೊಳೆದ ದಿನ ನಮ್ಮತ್ತೆಗೂ ಬೆರಗಾಯಿತು, ಬೇರೆ ಕಾರಣಕ್ಕೆ. ಒಂದು ಹಿಡಿ ಮೈದಾಕ್ಕೆ ಬಾವಿಯ ಅಷ್ಟು ಕೊಡ ನೀರೇ?

ಸೀತಾಂಗೋಳಿಯ ಹೋಟೆಲಿನ ಪರೋಟ ಮಾಡುವವನು ಇವೆರಡರ ಸ್ವಭಾವವನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದಾನೆ. ಕಲಸಿದ ಹಿಟ್ಟನ್ನು ಎಣ್ಣೆ ಸವರಿ ಹೊತ್ತುಹೊತ್ತು ಮಲಗಿಸುತ್ತಾನೆ, ಗ್ಲುಟೆನಿನ್‌ನ ಹಟ ಇಳಿಯಲಿ ಎಂದು. ಆಮೇಲೆ ಕಲ್ಲಿನ ಮೇಲೆ ಬಡಿದು ಬೀಸಿದರೆ ಹರಿಯದೆ ಪಂಚೆಯಷ್ಟಗಲ ಹರಡುತ್ತದೆ. ಇದೇ ಆಟವನ್ನು ಅಕ್ಕಿಹಿಟ್ಟಿನಲ್ಲಿ ಆಡಲಿ ನೋಡೋಣ. ಅಕ್ಕಿಯಲ್ಲಿ ಪ್ರೋಟೀನ್ ಇರುವುದೇ ನೂರಕ್ಕೆ ಏಳರಷ್ಟು. ಅದರಲ್ಲಿ ಬಹುಪಾಲು ಒರೈಜೆನಿನ್ ಎಂಬ ಗ್ಲುಟೆಲಿನ್. ಜತೆಗಾರ ಪ್ರೊಲಮಿನ್ ತೀರ ಕಡಿಮೆ. ಹಾಗಾಗಿ ಜಾಲ ನೇಯುವುದಿಲ್ಲ. ನಮ್ಮ ತೆಳ್ಳವು, ಪತ್ತಿರಿ, ಒತ್ತು ಶ್ಯಾವಿಗೆ ಎಲ್ಲವೂ ಈ ಕೊರತೆಯನ್ನು ಒಪ್ಪಿಕೊಂಡು ಹುಟ್ಟಿದ ಜಾಣತನಗಳು. ಎಳೆಯಲಾಗದಿದ್ದರೆ ನೀರು ಮಾಡಿ ಎರೆ, ಇಲ್ಲವೇ ಬಿಸಿನೀರಿನಲ್ಲಿ ಬೇಯಿಸಿ ತಟ್ಟು, ಅಥವಾ ಒತ್ತು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯದೂ ಇದೇ ಪಾಡು. ಅಲ್ಲಿರುವ ಪ್ರೊಲಮಿನ್‌ಗೆ ಕಾಫಿರಿನ್ ಎಂದು ಹೆಸರು, ಅದು ಗೋಧಿಯದರಂತೆ ಒಟ್ಟು ಸೇರುವುದಿಲ್ಲ. ಹಾಗಾಗಿಯೇ ಅಲ್ಲಿಯ ಹೆಂಗಸರ ಅಂಗೈಗೆ ಅಷ್ಟು ಕೆಲಸ.

ಅಕ್ಕಿಯ ಮಾತು ಬಂದಾಗ ಬಬಿಯಾನನ್ನು ಬಿಡುವ ಹಾಗಿಲ್ಲ. ನಮ್ಮಿಂದ ಕೂಗಳತೆಗಿಂತ ಸ್ವಲ್ಪ ಆಚೆ ಅನಂತಪುರದ ಕೆರೆಯ ನಡುವಿನ ದೇವಸ್ಥಾನ. ಅಲ್ಲಿನ ಮೊಸಳೆ ಬಬಿಯಾ ದೇವರ ನೈವೇದ್ಯದ ಅನ್ನ ಬೆಲ್ಲ ತಿಂದು ಎಪ್ಪತ್ತು ದಾಟಿ ಬದುಕಿತು ಎಂದು ನಂಬಿಕೆ. 2022ರ ಅಕ್ಟೋಬರ್ 9ರ ರಾತ್ರಿ ತೀರಿಕೊಂಡಾಗ ಊರಿಗೆ ಊರೇ ನೆರೆಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡದ್ದೂ ಸುದ್ದಿಯಾಯಿತು. ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದ: "ಟೀಚರೇ, ಮೊಸಳೆಗೆ ಅನ್ನದ ಪ್ರೋಟೀನ್ ಸಾಕಾಗ್ತದಾ?" ಓಸ್ಬೋರ್ನ್ ಇಂಥದ್ದೇ ಪ್ರಶ್ನೆಯನ್ನು ಇಲಿಗಳಲ್ಲಿ ಕೇಳಿದ್ದರು. ಲಫಾಯೆಟ್ ಮೆಂಡೆಲ್ ಎಂಬ ಜೊತೆಗಾರನೊಂದಿಗೆ ಮುಸುಕಿನ ಜೋಳದ ಝೀನ್ ಒಂದನ್ನೇ ಪ್ರೋಟೀನಾಗಿ ಕೊಟ್ಟು ನೋಡಿದರೆ ಇಲಿಗಳು ಸೊರಗಿದವು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಬೆರೆಸಿದಾಗ ಜೀವ ಹಿಡಿದುಕೊಂಡವು, ಲೈಸಿನ್ನೂ ಸೇರಿಸಿದಾಗ ಬೆಳೆದವು. ಝೀನ್ ಒಂದು ಪ್ರೊಲಮಿನ್. ಅದರಲ್ಲಿ ಇವೆರಡೂ ಇಲ್ಲ. ಯಾವುದರಲ್ಲಿ ಕರಗುತ್ತದೆ ಎಂದು ಹಾಕಿದ ಗುರುತು ತಿಂದವರ ಮೈಗೆ ಹಿಡಿಯುತ್ತದೋ ಇಲ್ಲವೋ ಎಂಬುದರ ಸುಳಿವೂ ಕೊಟ್ಟಿತು. ಮೊಸಳೆಯ ವಿಷಯ ಮಾತ್ರ ನಾನು ಹುಡುಗನಿಗೆ ಇಷ್ಟೇ ಹೇಳಿದೆ: ಕೆರೆಯಲ್ಲಿ ಮೀನೂ ಇದೆ, ದೇವರೂ ಇದ್ದಾನೆ, ಪರೀಕ್ಷೆಗೆ ಎರಡೂ ಬರುವುದಿಲ್ಲ.

ಗ್ಲಾಬ್ಯುಲಿನ್‌ಗೆ ನಮ್ಮ ಅಡುಗೆಮನೆಯಲ್ಲಿ ಬಲು ಗೌರವ. ಉದ್ದು, ಹೆಸರು, ತೊಗರಿ, ಅಲಸಂಡೆ, ತೆಂಗಿನಕಾಯಿಯ ತಿರುಳು, ಎಲ್ಲದರಲ್ಲೂ ಇದೇ ಮೇಲು. ಉದ್ದಿನಲ್ಲಿ ನೂರಕ್ಕೆ ಇಪ್ಪತ್ತನಾಲ್ಕರಷ್ಟು ಪ್ರೋಟೀನಿದ್ದರೆ ಅದರ ಸಿಂಹಪಾಲು ಗ್ಲಾಬ್ಯುಲಿನ್. ಇಡ್ಲಿ ಉಬ್ಬುವುದು ಹುಳಿಯಿಂದ ಎಂದು ನಾವು ಸುಲಭದಲ್ಲಿ ಹೇಳಿಬಿಡುತ್ತೇವೆ. ಗಾಳಿ ಹುಟ್ಟಿಸುವುದೇನೋ ಬ್ಯಾಕ್ಟೀರಿಯಾ. ಹುಟ್ಟಿದ ಗಾಳಿಯನ್ನು ಬೆಳಗಿನ ತನಕ ಹಿಡಿದಿಡುವವರು ಯಾರು? ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಸುಶೀಲಮ್ಮ ಮತ್ತು ರಾವ್ ಎಂಬ ವಿಜ್ಞಾನಿಗಳು ಇದನ್ನೇ ಹುಡುಕಿದರು. ಉದ್ದಿನ ಗ್ಲಾಬ್ಯುಲಿನ್ ಗುಳ್ಳೆಯ ಸುತ್ತ ತೆಳು ಪೊರೆಯಾಗಿ ಹರಡುತ್ತದೆ. ಉದ್ದಿನ ಆ ಲೋಳೆ, ಅದು ಅರಾಬಿನೊಗ್ಯಾಲಕ್ಟಾನ್ ಎಂಬ ಸಕ್ಕರೆಗಳ ಸರಪಳಿ, ಪೊರೆ ಒಡೆಯದಂತೆ ಕಾಯುತ್ತದೆ. ಅಕ್ಕಿಯಲ್ಲಿ ಇವೆರಡೂ ಬೇಕಾದಷ್ಟು ಇಲ್ಲವಾದ್ದರಿಂದ ಬರೀ ಅಕ್ಕಿ ಎಷ್ಟು ಹುಳಿ ಬಂದರೂ ಇಡ್ಲಿಯಾಗದು. ನಮ್ಮತ್ತೆ ಕಡೆಯುವ ಕಲ್ಲಿನ ಕಾಲದಿಂದಲೂ ಉದ್ದಿನ ಹಿಟ್ಟಿನ ಒಂದು ತೊಟ್ಟನ್ನು ತಂಬಿಗೆಯ ನೀರಿಗೆ ಬಿಟ್ಟು ನೋಡುತ್ತಿದ್ದರು. ತೇಲಿದರೆ ಕಡೆದದ್ದು ಸಾಕು, ಮುಳುಗಿದರೆ ಸೊಸೆ ಇನ್ನಷ್ಟು ತಿರುಗಿಸಬೇಕು. ಗ್ಲಾಬ್ಯುಲಿನ್ ಗಾಳಿ ಹಿಡಿದಿದೆಯೇ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ಸೊಸೆಯ ಭುಜದ ಖರ್ಚು ಬಿಟ್ಟರೆ.

ಹಲಸಿನ ಬೇಳೆಯನ್ನು ಈ ಪಟ್ಟಿಗೆ ಸೇರಿಸಬೇಕೆಂದು ನನಗೆ ಬಹಳ ಆಸೆ. ಆಟಿ ತಿಂಗಳ ಮಳೆಗೆ ಸಾಂತಾಣಿ ಜಗಿಯದ ಮನೆ ಇಲ್ಲಿಲ್ಲ. ಆದರೆ ಅದರಲ್ಲಿ ಹೆಸರು ಮಾಡಿದ ಪ್ರೋಟೀನ್ ಜಾಕಲಿನ್ ಸಕ್ಕರೆಯನ್ನು ಮೈಗೆ ಅಂಟಿಸಿಕೊಂಡಿದೆ. ಹಾಗಾಗಿ ಅದು ಸಂಯುಕ್ತ ಪ್ರೋಟೀನ್, ಸರಳರ ಪಂಕ್ತಿಯಲ್ಲಿ ಎಲೆ ಹಾಕುವಂತಿಲ್ಲ. ಒಡೆದರೆ ಅಮೈನೋ ಆಮ್ಲಗಳಷ್ಟೇ ಸಿಗಬೇಕು, ಬೇರೇನೂ ಬರಬಾರದು ಎಂಬುದು ಸರಳ ಎನಿಸಿಕೊಳ್ಳಲು ಇರುವ ನಿಯಮ. ಹಾಲಿಗೂ ಇದರಿಂದ ಮನೆ ಒಡೆಯಿತು. ಕಾಸರಗೋಡು ಗಿಡ್ಡ ತಳಿಯ ದನ ಕೊಡುವ ಕುಡ್ತೆ ಹಾಲನ್ನು ಒಡೆಸಿದರೆ, ಮೇಲೆ ಗಟ್ಟಿಯಾಗುವ ಕೇಸೀನ್ ಫಾಸ್ಫರಸ್ ಹೊತ್ತ ಸಂಯುಕ್ತ; ಕೆಳಗಿನ ತಿಳಿನೀರಿನಲ್ಲಿ ಉಳಿಯುವ ಲ್ಯಾಕ್ಟಾಲ್ಬುಮಿನ್ ಸರಳ. ನಾವು ಸರಳವನ್ನು ಬಾಳೆಬುಡಕ್ಕೆ ಚೆಲ್ಲಿ ಸಂಯುಕ್ತವನ್ನು ಪಾಕಕ್ಕೆ ಹಾಕುತ್ತೇವೆ.

ಇಷ್ಟೆಲ್ಲ ಖಚಿತವಾಗಿ ಹೇಳಿದ ಮೇಲೆ ಗಡಿಗಳು ಸೋರುತ್ತವೆ ಎಂಬುದನ್ನೂ ಹೇಳಬೇಕು. 1907ರಲ್ಲಿ ಬ್ರಿಟನ್ನಿನ, 1908ರಲ್ಲಿ ಅಮೆರಿಕದ ವಿದ್ವಾಂಸರ ಸಮಿತಿಗಳು ಕೂತು ಪ್ರೋಟೀನುಗಳ ಹೆಸರುಗಳನ್ನು ಇತ್ಯರ್ಥ ಮಾಡಿದವು. ಎರಡೂ ಪಟ್ಟಿ ಪೂರ್ತಿ ಒಂದೇ ಆಗಿರಲಿಲ್ಲ. ಸಮಿತಿಗಳ ಸ್ವಭಾವ ನಮಗೆ ಹೊಸದಲ್ಲ. ರಕ್ತದ ಆಲ್ಬುಮಿನ್ ಗ್ಲಾಬ್ಯುಲಿನ್‌ಗಳನ್ನು ಬೇರ್ಪಡಿಸಲು ಅಮೋನಿಯಂ ಸಲ್ಫೇಟ್ ಬಳಸುತ್ತಿದ್ದರು, ನಾವು ಅಡಿಕೆ ಬುಡಕ್ಕೆ ಹಾಕುವ ಅದೇ ಸಲ್ಫೇಟು. ದ್ರಾವಣಕ್ಕೆ ಹಿಡಿಸುವ ಸಲ್ಫೇಟಿನ ಅರ್ಧದಷ್ಟು ಸೇರಿಸಿದಾಗ ಗ್ಲಾಬ್ಯುಲಿನ್ ಕೆಳಗೆ ಕೂರುತ್ತದೆ. ಆಲ್ಬುಮಿನ್ ಕೂರಬೇಕಾದರೆ ಪೂರ್ತಿ ಬೇಕು. ಚೆಂದದ ನಿಯಮ. ಆದರೆ ಅರ್ಧಕ್ಕೇ ಕೂತ ಗ್ಲಾಬ್ಯುಲಿನ್‌ಗಳಲ್ಲಿ ಕೆಲವು ಬರೀ ನೀರಿನಲ್ಲೂ ಕರಗಿ ನಕ್ಕವು. ಅವಕ್ಕೆ ಸೂಡೋಗ್ಲಾಬ್ಯುಲಿನ್, ಅಂದರೆ ಹುಸಿ ಗ್ಲಾಬ್ಯುಲಿನ್ ಎಂದು ಹೆಸರಿಟ್ಟರು. ಇದು ನನಗೆ ಸ್ವಲ್ಪವೂ ಹಿಡಿಸದ ಹೆಸರು. ಗೆರೆ ಎಳೆದವರು ನಾವು, ಗೆರೆಯ ಮೇಲೆ ಸಿಕ್ಕಿದವನನ್ನು ಹುಸಿ ಎನ್ನುವುದು ಯಾವ ನ್ಯಾಯ? ಕಾಸರಗೋಡಿನವರಾದರೆ ಒಂದು ಮನವಿಯನ್ನಾದರೂ ಕೊಡುತ್ತಿದ್ದರು. 1937ರಲ್ಲಿ ಸ್ವೀಡನ್ನಿನ ಟಿಸೇಲಿಯಸ್ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನ ನಡುವೆ ಓಡಿಸಿ, ಗ್ಲಾಬ್ಯುಲಿನ್ ಎಂದರೆ ಒಂದಲ್ಲ, ಆಲ್ಫಾ, ಬೀಟಾ, ಗಾಮಾ ಎಂದು ಮೂರು ಗುಂಪು ಎಂದು ತೋರಿಸಿದರು. ರೋಗಕ್ಕೆ ಎದುರು ನಿಲ್ಲುವ ಪ್ರತಿಕಾಯಗಳು ಬಹುಮಟ್ಟಿಗೆ ಆ ಗಾಮಾ ಗುಂಪಿನವು.

ಹಳೆಯ ಹೆಸರುಗಳು ಮಾತ್ರ ಲ್ಯಾಬಿನ ಚೀಟಿಯಲ್ಲಿ ಗಟ್ಟಿಯಾಗಿ ಕೂತಿವೆ. ಮಾವನ ರಕ್ತಪರೀಕ್ಷೆಯ ವರದಿಯಲ್ಲಿ ಆಲ್ಬುಮಿನ್, ಗ್ಲಾಬ್ಯುಲಿನ್, ಎರಡರ ಅನುಪಾತ ಎಂದು ಮೂರು ಸಾಲು. ಆಲ್ಬುಮಿನ್ ನೂರು ಮಿಲಿಲೀಟರಿಗೆ ಮೂರೂವರೆಯಿಂದ ಐದು ಗ್ರಾಂ ಇರಬೇಕು. ಅದು ಹುಟ್ಟುವುದು ಪಿತ್ತಜನಕಾಂಗದಲ್ಲಿ. ರಕ್ತದ ನೀರು ನಾಳದಿಂದ ಹೊರಗೆ ಸೋರದಂತೆ ಹಿಡಿದಿಡುವುದು ಅದರ ದೊಡ್ಡ ಕೆಲಸ, ತೀರ ಕಡಿಮೆಯಾದರೆ ಕಾಲು ಬಾತುಕೊಳ್ಳುತ್ತದೆ. ಇದನ್ನು ವಿವರಿಸಿದಾಗ ಮಾವ ಕೇಳಿದ್ದು, "ಅಂಬಗ ಮೊಟ್ಟೆಯ ಬೆಳೀದರಲ್ಲಿಪ್ಪದೂ ಅದುವೇಯೋ?" ಅದೇ ಗುಂಪು ಎಂದೆ. ಮೊಟ್ಟೆ ಮನೆಯ ಗೇಟಿನೊಳಗೆ ಬಾರದಂತೆ ಜೀವಮಾನವಿಡೀ ಕಾದವರು, ವರದಿಯನ್ನು ಮಡಚಿ ಕನ್ನಡಕದ ಗೂಡಿನ ಕೆಳಗೆ ಇಟ್ಟರು.

ಯಾವುದರಲ್ಲೂ ಕರಗದವರ ಗುಂಪು ಸ್ಕ್ಲೀರೋಪ್ರೋಟೀನ್. ಕೂದಲು, ಉಗುರು, ಕೊಂಬು, ನವಿಲುಗರಿಯ ಕೆರಾಟಿನ್, ಚರ್ಮ, ಸ್ನಾಯುರಜ್ಜುಗಳ ಕೊಲಾಜೆನ್, ರೇಷ್ಮೆಯ ಫೈಬ್ರಾಯಿನ್. ಕರಗದಿರುವುದೇ ಇವುಗಳ ಯೋಗ್ಯತೆ, ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಯಾರ ತಲೆಯಲ್ಲೂ ಕೂದಲು ಉಳಿಯುತ್ತಿರಲಿಲ್ಲ. ಆದರೂ ನೀರಿಗೆ ಇವು ಪೂರ್ತಿ ಕಿವುಡಲ್ಲ. ಯಕ್ಷಗಾನದ ಪಾರ್ತಿಸುಬ್ಬನ ಸೀಮೆ ಇದು. ಪುತ್ತಿಗೆ ಎಂಬ ಹೆಸರನ್ನು ಭಾಗವತರು ತಮ್ಮ ಹೆಸರಿನ ಹಿಂದೆ ಹೊತ್ತು ತಿರುಗಿದ ಊರು. ಮಳೆಗಾಲದ ತಾಳಮದ್ದಳೆಗೆ ಬಂದು ಕೂತವರಿಗೆ ಗೊತ್ತು: ಥಂಡಿಗೆ ಚರ್ಮ ನೀರು ಹೀರಿ, ನಾದ ಸತ್ತು, ಚೆಂಡೆ ಗೋಣಿತಟ್ಟು ಬಡಿದ ಹಾಗೆ ಕೇಳುತ್ತದೆ. ಚೆಂಡೆಯವರು ಮಾತಾಡದೆ ಎದ್ದು ಅಡುಗೆಮನೆಯ ಒಲೆಯ ಕಡೆ ಹೋಗುತ್ತಾರೆ. ಕೊಲಾಜೆನ್ ಎಳೆಗಳ ನಡುವಿನ ನೀರು ಹಾರಿದರೆ ಚರ್ಮ ಬಿಗಿಯುತ್ತದೆ. ಹದವಾಗಿ ಕಾಯಿಸಬೇಕು. ಅದೇ ಚರ್ಮವನ್ನು ನೀರಿನಲ್ಲಿ ಹಾಕಿ ಕುದಿಸುತ್ತ ಹೋದರೆ ಕೊಲಾಜೆನ್ ಬಿಚ್ಚಿಕೊಂಡು ಜೆಲಟಿನ್ ಆಗಿ ಕರಗುತ್ತದೆ. ಆಗ ಅದು ಸರಳ ಪ್ರೋಟೀನ್ ಎಂಬ ಪಟ್ಟ ಕಳಕೊಂಡು ವ್ಯುತ್ಪನ್ನರ, ಅಂದರೆ ಇನ್ನೊಂದು ಪ್ರೋಟೀನ್ ಒಡೆದು ಹುಟ್ಟಿದವರ, ಸಾಲಿಗೆ ಸೇರುತ್ತದೆ. ಔಷಧಿಯ ಕ್ಯಾಪ್ಸೂಲಿನ ಓಡಾಗಿ ಅದು ಮಡಿವಂತರ ಹೊಟ್ಟೆಗೂ ಹೋಗುತ್ತದೆ, ಆ ಮಾತು ಬೇಡ.

ಬೇಡ ಎಂದರೂ ಪ್ರೊಟಮಿನ್ ಹತ್ತಿರ ಬಂದಾಗ ಅದೇ ಮಾತು ಎದುರಾಗುತ್ತದೆ. ಹಿಸ್ಟೋನ್ ಮತ್ತು ಪ್ರೊಟಮಿನ್ ಎರಡೂ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎಯನ್ನು ಹಿಡಿದಿಡುವವು, ಎರಡೂ ಕ್ಷಾರಗುಣದವು. ಹಿಸ್ಟೋನನ್ನು ಆಲ್ಬ್ರೆಕ್ಟ್ ಕೊಸೆಲ್ 1884ರಲ್ಲಿ ಹೆಬ್ಬಾತಿನ ರಕ್ತಕಣದಿಂದ ತೆಗೆದರು. ಅದಕ್ಕೂ ಹತ್ತು ವರ್ಷ ಮೊದಲು ಬಾಸೆಲ್‌ನ ಫ್ರೀಡ್ರಿಕ್ ಮೀಷರ್ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಪ್ರೊಟಮಿನ್ ಕಂಡಿದ್ದರು. ಅದರ ಮೂರನೇ ಎರಡು ಪಾಲು ಆರ್ಜಿನಿನ್ ಒಂದೇ ಅಮೈನೋ ಆಮ್ಲ. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಇದನ್ನು ಇನ್ಸುಲಿನ್ ಜೊತೆ ಸೇರಿಸಿದರು. ಬರೀ ಇನ್ಸುಲಿನ್ ಚರ್ಮದಡಿಯಲ್ಲಿ ಬೇಗ ಕರಗಿ ಬೇಗ ಮುಗಿಯುತ್ತದೆ. ಪ್ರೊಟಮಿನ್ ಅಂಟಿಕೊಂಡರೆ ಸಣ್ಣ ಹರಳಾಗಿ, ಕರಗಲು ತಡಮಾಡಿ, ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಇಂದಿಗೂ ಮಸುಕಾದ ಇನ್ಸುಲಿನ್ ಸೀಸೆಗಳಲ್ಲಿ ಇರುವುದು ಇದು. ಪ್ರೊಟಮಿನ್ ಬರುವುದು ಸಾಮಾನ್ಯವಾಗಿ ಸಾಲ್ಮನ್, ಟ್ರೌಟ್ ಮೀನುಗಳಿಂದ.

ಮಾವನಿಗೆ ರಾತ್ರಿಯ ಊಟಕ್ಕೆ ಮೊದಲು ಕೊಡುವ ಸೀಸೆ ಅದೇ. ಅಲುಗಾಡಿಸಬಾರದು, ಎರಡು ಅಂಗೈಯ ನಡುವೆ ಮೆಲ್ಲಗೆ ಉರುಳಿಸಬೇಕು. ತಳದಲ್ಲಿ ಕೂತ ಬಿಳಿ ಮೇಲೆದ್ದು ಸೀಸೆಯೆಲ್ಲ ಒಂದೇ ಹಾಲುಬಣ್ಣವಾಗುವ ತನಕ. ಮನೆಯವರಿಗೆ ಔಷಧಿಯಲ್ಲಿ ಏನಿದೆ ಎಂದು ಹೇಳದೆ ಕೊಡುವುದು ನನ್ನ ಕಟ್ಟಳೆಯಲ್ಲಿಲ್ಲ. ಹಾಗಾಗಿ ಒಂದು ಸಂಜೆ ಉರುಳಿಸುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮೀನು, ಯಾವ ಮೀನು, ಮೀನಿನ ಯಾವ ಭಾಗ. ಕೊನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ. ಮಾವ ಸೀಸೆಯನ್ನೂ ನನ್ನನ್ನೂ ನೋಡಿದರು. ಜಪದ ಮಣೆಯನ್ನು ಒಮ್ಮೆ ನೋಡಿದರು.

"ಮತ್ಸ್ಯಾವತಾರ ಹೇಳಿ ಗ್ರೇಶಿರೆ ಆತು," ಎಂದು ಅಂಗಿ ಮೇಲೆತ್ತಿದರು. "ನಿನ್ನೆ ಎಡದ ಹೊಡೆಂಗೆ ಕುತ್ತಿದ್ದೆ. ಇಂದು ಬಲತ್ತಿಂಗೆ ಕುತ್ತು."